ಕೊಂಬೆಗೆ ಕೊಂಬೆ ತಾಗಿದರೆ

— ಕೈ ಹಿಂದಕ್ಕೆ ತಗೋ. ಆ ಎಲೆ ಅಲ್ಲಾಡಿಸಬೇಡ, ಅವು ಈಗಷ್ಟೇ ಹಿಡಿತ ಹಾಕಿವೆ.

— ಯಾವುವು ಅತ್ತೆ? ನನಗೆ ಕಾಣೋದು ಎಲೆಯ ಅಂಚಿನಲ್ಲಿ ಸುಮ್ಮನೆ ಸಾಲಾಗಿ ನಿಂತಿರೋ ಕೆಂಪು ಇರುವೆಗಳು.

— ಸುಮ್ಮನೆ ನಿಂತಿಲ್ಲ, ಎಳೀತಿವೆ. ಒಂದೇ ಒಂದು ಇರುವೆಯ ಮೇಲೆ ಕಣ್ಣಿಡು. ಹಿಂಗಾಲು ಈಚೆ ಎಲೆಯ ಮೇಲೆ ಊರಿದೆ, ಬಾಯಿ ಆಚೆ ಎಲೆಯ ಅಂಚನ್ನು ಕಚ್ಚಿದೆ. ಎರಡು ಎಲೆಗಳ ನಡುವೆ ತನ್ನ ಮೈಯನ್ನೇ ಬಿಗಿದುಕೊಂಡಿದೆ. ಅದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಇರುವೆಯ ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರು. ಎಲೆಯೋ ಬಲಿತ ಮಾವಿನೆಲೆ, ನಿನ್ನ ಅಂಗೈಗಿಂತ ಉದ್ದ. ಆದರೂ ಸ್ವಲ್ಪ ಹೊತ್ತು ತಾಳಿದರೆ ಅದು ಬಗ್ಗೋದು ನಿನ್ನ ಕಣ್ಣಿಗೇ ಕಾಣುತ್ತೆ.

— ನಡುವಿನ ಜಾಗ ಇರುವೆಯ ಉದ್ದಕ್ಕಿಂತ ಹೆಚ್ಚಿದ್ದರೆ ಏನು ಮಾಡ್ತವೆ?

— ಸರಪಳಿ ಕಟ್ತವೆ. ಎಲೆಯಂಚು ಹಿಡಿದವಳ ಸೊಂಟವನ್ನ ಎರಡನೆಯವಳು ಕಚ್ಚಿ ಹಿಡೀತಾಳೆ, ಎರಡನೆಯವಳ ಸೊಂಟವನ್ನ ಮೂರನೆಯವಳು. ದುಡಿಯೋ ಇರುವೆಗಳೆಲ್ಲ ಹೆಣ್ಣೇ, ಅದಕ್ಕೆ ಹಾಗಂದೆ. ಹಿಂದಿನವಳು ಒಂದು ಹೆಜ್ಜೆ ಹಿಂದೆ ಸರಿದರೆ ಸಾಲಿಗೆ ಸಾಲೇ ಹಿಂದೆ ಬರುತ್ತೆ. ಇಂಥ ಹತ್ತಾರು ಸರಪಳಿಗಳು ಒಂದೇ ಎಲೆಗೆ ಬಿದ್ದಿರ್ತವೆ.

— ಅಷ್ಟೊಂದು ಜನ ಸೇರಿದಾಗ ಒಬ್ಬರು ಎಳೆದು ಇನ್ನೊಬ್ಬರು ನೋಡ್ತಾ ನಿಲ್ಲೋದು ಇರೋದಿಲ್ವ? ನಮ್ಮ ಕಾರ್ಗೋ ಶೆಡ್ಡಿನಲ್ಲಿ ಭಾರದ ಪೆಟ್ಟಿಗೆ ತಳ್ಳುವಾಗ ಅದನ್ನೇ ನೋಡೋದು ನಾನು.

— ಮನುಷ್ಯರಲ್ಲಿ ಅದು ಇದ್ದದ್ದೇ. ಫ್ರಾನ್ಸಿನ ರಿಂಗಲ್‌ಮನ್ ಅನ್ನೋ ಕೃಷಿ ಎಂಜಿನಿಯರು ನೂರು ವರ್ಷಕ್ಕೂ ಹಿಂದೆಯೇ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. ಜನ ಹೆಚ್ಚಿದಷ್ಟೂ ಒಬ್ಬೊಬ್ಬನ ಪಾಲಿನ ಬಲ ಕಡಿಮೆಯಾಗುತ್ತೆ. ಈ ಇರುವೆಗಳಲ್ಲಿ ಉಲ್ಟಾ. ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾಲಯದವರು ಕಾಗದದ ಎಲೆಗೆ ಬಲ ಅಳೆಯೋ ಸಾಧನ ಕಟ್ಟಿ ಪರೀಕ್ಷೆ ಮಾಡಿದರು, 2025ರಲ್ಲಿ ಪ್ರಕಟವಾಯ್ತು. ತಂಡ ದೊಡ್ಡದಾದಂತೆ ಒಂದೊಂದು ಇರುವೆ ಎಳೆಯೋ ಬಲ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ. ಯಾಕೆ ಅಂದರೆ ಮುಂದಿನವು ಕಾಲು ಮಡಚಿ ಎಳೀತವೆ, ಹಿಂದಿನವು ಕಾಲು ಚಾಚಿ ಎಲೆಗೆ ಅಂಟಿಕೊಂಡು, ಎಳೆದದ್ದು ಜಾರಿ ಹೋಗದ ಹಾಗೆ ತಡೆದು ನಿಲ್ತವೆ. ನೀನು ಯಾವುದನ್ನ ಸುಮ್ಮನೆ ನಿಂತದ್ದು ಅಂದೆಯೋ ಅದೇ ಅವುಗಳ ಕೆಲಸ. ಪಾದದ ಅಡಿಯಲ್ಲಿ ಅಂಟೋ ಮೆತ್ತೆ ಇದೆ. ತಲೆಕೆಳಗಾಗಿ ನೇತಾಡ್ತಾ ತನ್ನ ತೂಕದ ನೂರು ಪಟ್ಟು ಭಾರ ಬಾಯಲ್ಲಿ ಹಿಡಿದ ಇರುವೆಯ ಫೋಟೋ ಕೇಂಬ್ರಿಜ್‌ನಲ್ಲಿ ತೆಗೆದದ್ದಿದೆ.

— ಸರಿ, ಎಲೆ ಬಗ್ಗಿತು. ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತಲ್ಲ?

— ಅದಕ್ಕೇ ಮರಿಗಳನ್ನ ತರ್ತವೆ. ಈ ಮಾತು ಹೇಳೋಕೆ ನನಗೆ ಯಾವತ್ತೂ ಬೇಸರ ಇಲ್ಲ, ಕಾಲೇಜಿನಲ್ಲಿ ಪ್ರತಿ ವರ್ಷ ಹೇಳ್ತಿದ್ದೆ. ಬಲಿತ ಇರುವೆಗೆ ನೂಲು ತೆಗೆಯೋ ಶಕ್ತಿ ಇಲ್ಲ. ನೂಲು ಇರೋದು ಮರಿಹುಳುವಿನ ಬಾಯಲ್ಲಿ, ಅದೂ ಬೆಳವಣಿಗೆಯ ಕೊನೆಯ ಹಂತಕ್ಕೆ ಬಂದ ಮರಿಯಲ್ಲಿ. ಹಳೆ ಗೂಡಿನಿಂದ ಅಂಥ ಮರಿಯನ್ನ ದವಡೆಯಲ್ಲಿ ಮೆತ್ತಗೆ ಹಿಡಿದು ತರ್ತವೆ. ಅದರ ತಲೆಯನ್ನ ಒಂದು ಎಲೆಗೆ ತಾಗಿಸ್ತವೆ, ಮೀಸೆಯಿಂದ ತಟ್ಟುತ್ತವೆ, ಮರಿ ಎಳೆ ಬಿಡುತ್ತೆ. ಆಮೇಲೆ ಆಚೆಯ ಎಲೆಗೆ ಒಯ್ದು ತಾಗಿಸ್ತವೆ. ಮತ್ತೆ ಈಚೆಗೆ. ಮಗ್ಗದಲ್ಲಿ ಲಾಳಿ ಆಡುತ್ತಲ್ಲ, ಇಲ್ಲಿ ಮಗುವೇ ಲಾಳಿ. ಎಲೆ ಹಿಡಿದು ನಿಂತವು ನೂಲು ಗಟ್ಟಿಯಾಗೋವರೆಗೆ ಹಿಡಿತ ಬಿಡೋದಿಲ್ಲ.

— ಮರಿಗೆ ಆ ನೂಲು ಯಾಕೆ ಬಂತು? ಗೂಡು ಹೊಲಿಯೋಕೇನಾ?

— ಅಲ್ಲ. ರೇಷ್ಮೆ ಹುಳು ಗೂಡು ಕಟ್ಟಿಕೊಳ್ಳುತ್ತಲ್ಲ, ಹಾಗೇ ಅನೇಕ ಜಾತಿಯ ಇರುವೆಗಳ ಮರಿ ಕೋಶ ಆಗೋ ಮೊದಲು ತನ್ನ ಸುತ್ತ ಒಂದು ಹೊದಿಕೆ ನೇಯ್ದುಕೊಳ್ಳುತ್ತೆ. ಈ ಜಾತಿಯ ಮರಿ ಅದನ್ನ ಬಿಟ್ಟಿದೆ. ತನ್ನ ಮೈಗೆ ಸುತ್ತಿಕೊಳ್ಳಬೇಕಾದ ನೂಲನ್ನೆಲ್ಲ ಎಲ್ಲರ ಮನೆಗೆ ಕೊಟ್ಟು ತಾನು ಬರಿಮೈಯಲ್ಲಿ ಕೋಶವಾಗುತ್ತೆ. ಮನೆಯೇ ಅದಕ್ಕೆ ಹೊದಿಕೆ.

— ಇದನ್ನ ಮೊದಲು ಕಂಡದ್ದು ಯಾರು?

— ಎಲೆ ಬಗ್ಗಿಸೋದನ್ನ ಜೋಸೆಫ್ ಬ್ಯಾಂಕ್ಸ್ ಬರೆದಿಟ್ಟಿದ್ದಾನೆ. ಕ್ಯಾಪ್ಟನ್ ಕುಕ್ ಜೊತೆ 1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಹೋಗಿದ್ದನಲ್ಲ, ಆಗ. ಆದರೆ ಮರಿಯಿಂದ ಹೊಲಿಯೋ ಗುಟ್ಟು ತಿಳಿಯೋಕೆ ಮತ್ತೆ ನೂರಿಪ್ಪತ್ತು ವರ್ಷ ಹಿಡೀತು. ಸಿಂಗಪುರದ ಸಸ್ಯೋದ್ಯಾನ ನೋಡಿಕೊಳ್ತಿದ್ದ ರಿಡ್ಲಿ 1890ರಲ್ಲಿ ತಿಳಿಸಿದ, ಆಮೇಲೆ ಸಿಲೋನಿನಲ್ಲಿ ಡಾಫ್ಲೈನ್ ಅನ್ನೋ ಜರ್ಮನ್ ಪ್ರಾಣಿಶಾಸ್ತ್ರಜ್ಞ 1905ರಲ್ಲಿ ಹಂತ ಹಂತವಾಗಿ ವಿವರಿಸಿದ. ಇರುವೆಗಳಿಗಂತೂ ಇದು ಬಹಳ ಹಳೆಯ ಬದುಕು. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿ ಮ್ಫಂಗಾನೊ ಅಂತ ಒಂದು ದ್ವೀಪ. ಅಲ್ಲಿ ಈ ಕುಲದ ಒಂದು ಸಂಸಾರವೇ ಪಳೆಯುಳಿಕೆಯಾಗಿ ಸಿಕ್ಕಿತು, ಸುಮಾರು ಎರಡು ಕೋಟಿ ವರ್ಷ ಹಳೆಯದು. 1964ರಲ್ಲಿ ವಿಲ್ಸನ್ ಮತ್ತು ಟೇಲರ್ ಅನ್ನೋ ಕೀಟಶಾಸ್ತ್ರಜ್ಞರು ಅದನ್ನ ಅಳೆದು ನೋಡಿದರೆ, ಇವತ್ತು ಈ ಮರದ ಮೇಲೆ ಇರೋ ಹಾಗೇ ದುಡಿಯೋ ಇರುವೆ ಎರಡು ಅಳತೆಯವು. ದೊಡ್ಡವು ಹೊರಗೆ ಓಡಾಡಿ ಬೇಟೆ ತರೋವು, ಗೂಡು ಕಟ್ಟೋವು, ಜಗಳಕ್ಕೆ ನಿಲ್ಲೋವು. ಅದರ ಅರ್ಧದಷ್ಟಿರೋ ಚಿಕ್ಕವು ಒಳಗೇ ಇದ್ದು ಮೊಟ್ಟೆ, ಮರಿ ನೋಡಿಕೊಳ್ಳೋವು. ಹೊರಗೆ ನಿನಗೆ ಅವು ಕಾಣಸಿಗೋದೇ ಅಪರೂಪ.

— ನಮ್ಮೂರಲ್ಲಿ ಚಗಳಿ ಅಂತಿದ್ದದ್ದು ಇದೇ ಅಲ್ವ? ಗೇರು ಹಣ್ಣು ಕೊಯ್ಯೋಕೆ ಹತ್ತಿದಾಗ ಕುತ್ತಿಗೆಗೆ ಉದುರ್ತಿತ್ತು.

— ಇದೇ ಚಗಳಿ. ಯಲ್ಲಾಪುರ, ಜೋಯಿಡಾ ಕಡೆ ಸಿದ್ದಿಯರ ಮನೆಗಳಲ್ಲಿ, ಮಲೆನಾಡಿನ ಇನ್ನೂ ಎಷ್ಟೋ ಮನೆಗಳಲ್ಲಿ ಇದರ ಚಟ್ನಿ ಮಾಡ್ತಾರೆ. ಗೂಡನ್ನ ಕೊಂಬೆಸಮೇತ ಇಳಿಸಿ, ಇರುವೆ ಮೊಟ್ಟೆ ಮರಿ ಎಲ್ಲ ಸೇರಿಸಿ ಹುರಿದು, ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ಕಾಯಿತುರಿ ಹಾಕಿ ಅರೆಯೋದು. ಹುಳಿ ಬೇರೆ ಹಾಕಬೇಕಾಗಿಲ್ಲ, ಇರುವೆಯ ಮೈಯಲ್ಲೇ ಫಾರ್ಮಿಕ್ ಆಮ್ಲ ಇದೆ. ನೆಗಡಿ, ಕೆಮ್ಮಿಗೆ ಒಳ್ಳೇದು ಅಂತ ನಂಬಿಕೆ. ಒಡಿಶಾದ ಮಯೂರ್‌ಭಂಜ್‌ನವರು ತಮ್ಮ ಚಟ್ನಿಗೆ ಭೌಗೋಳಿಕ ಸೂಚಿ ಮಾನ್ಯತೆಯನ್ನೇ ಪಡೆದರು, 2024ರ ಜನವರಿಯಲ್ಲಿ. ಥಾಯ್ಲೆಂಡಿನ ಈಶಾನ್ಯದಲ್ಲಿ ಮಳೆಗಾಲಕ್ಕೆ ಮುಂಚೆ ರಾಣಿಯಾಗಲಿರೋ ಮರಿಗಳನ್ನ ತೆಗೆದು ಮಾರೋದು ಒಂದು ಜೀವನೋಪಾಯ. ತಾಯಿರಾಣಿಯ ಗೂಡು ಮುಟ್ಟದೆ, ದುಡಿಯೋ ಇರುವೆಗಳನ್ನ ಉಳಿಸಿ ತೆಗೆದರೆ ಸಂಸಾರ ಮುಂದಿನ ವರ್ಷವೂ ಕೊಡುತ್ತೆ. ತಿನ್ನೋರಿಗೆ ಅದು ಗೊತ್ತು. ತಿನ್ನೋರಿಂದ ಚಗಳಿಗೆ ಕೆಡುಕಾದದ್ದು ನಾನು ಕಂಡಿಲ್ಲ.

— ನನಗೆ ಆಶ್ಚರ್ಯ ಆಗೋದು ಅದಲ್ಲ. ಶಿರಸಿ, ಯಲ್ಲಾಪುರ ಅಂದರೆ ಕಾಡು, ಮಳೆ. ಹೈದರಾಬಾದಿನ ಅಂಚಿನ ಈ ಶಂಶಾಬಾದಿನಲ್ಲಿ ಏನಿದೆ? ಬಂಡೆ, ಬಿಸಿಲು, ಔಟರ್ ರಿಂಗ್ ರೋಡು, ವಿಮಾನ. ಇಲ್ಲಿಗೆ ಇದು ಹೇಗೆ ಬಂತು?

— ಸರಿಯಾದ ಪ್ರಶ್ನೆ. ಹೈದರಾಬಾದಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಇಲ್ಲಿಯ ಸಹಜ ಕಾಡು ಕುರುಚಲು, ಮುಳ್ಳು ಮರ, ನಡುನಡುವೆ ಬಂಡೆ. ಅಂಥ ಮರಗಳ ಎಲೆ ಸಣ್ಣದು, ಬೇಸಿಗೆಯಲ್ಲಿ ಉದುರಿಹೋಗುತ್ತೆ, ಒಂದು ಮರದಿಂದ ಇನ್ನೊಂದಕ್ಕೆ ದೂರವೂ ಹೆಚ್ಚು. ಚಗಳಿಗೆ ಬೇಕಾದದ್ದು ಮೂರು: ವರ್ಷವಿಡೀ ಹಸಿರಾಗಿರೋ ಮರ, ಬಗ್ಗಿಸಿದರೆ ಬಗ್ಗೋ ಅಗಲದ ಎಲೆ, ಆಮೇಲೆ ಕೊಂಬೆಗೆ ಕೊಂಬೆ ತಾಗಿರೋದು. ಮಾವಿನ ತೋಪು ಈ ಮೂರನ್ನೂ ಕೊಡುತ್ತೆ. ಚಗಳಿಯ ಲೆಕ್ಕದಲ್ಲಿ ಹಳೆಯ ಮಾವಿನ ತೋಪು ಅಂದರೆ ಕಾಡೇ.

— ನಮ್ಮ ಲೇಔಟ್ ಮೊದಲು ತೋಪೇ ಆಗಿತ್ತಂತೆ. ಈ ಸಾಲು ಉಳಿದದ್ದು ಕಾಂಪೌಂಡಿಗೆ ಅಂಚಾಯ್ತು ಅಂತ. ಈ ಸುತ್ತಿನಲ್ಲಿ ತೋಪು, ತೋಟ ಇನ್ನೂ ಅಲ್ಲಲ್ಲಿ ಇರೋದಕ್ಕೆ ಕಾರಣ 111 ಅನ್ನೋ ಸರ್ಕಾರಿ ಆದೇಶ ಅಂತಾರೆ. ಸೈಟು ಕೊಳ್ಳೋವಾಗ ಎಲ್ಲರ ಬಾಯಲ್ಲೂ ಅದೇ. 1996ರದ್ದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ, ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ ಕಾರ್ಖಾನೆ, ದೊಡ್ಡ ಕಟ್ಟಡ, ವಸತಿ ಬಡಾವಣೆ ಬೇಡ ಅಂತ. ಒಟ್ಟು 84 ಹಳ್ಳಿ, ಶಂಶಾಬಾದ್ ಮಂಡಲದ ಹಲವು ಊರುಗಳೂ ಅದರಲ್ಲಿದ್ದವು. 2022ರಲ್ಲಿ ಸರ್ಕಾರ ಆ ನಿರ್ಬಂಧ ತೆಗೀತು.

— ಆ ಜಲಾಶಯಗಳ ಮೂಲ ಯಾರದ್ದು ಗೊತ್ತಲ್ಲ? 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದ ಮೇಲೆ ನಿಜಾಮರು ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನ. ಊರಿನ ಮೇಲುಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಕಟ್ಟೆ ಕಟ್ಟಿ ಅಂತ ಅವರು ಹೇಳಿದರು. ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ ಮುಗೀತು. ಆ ನೀರು ಕೆಡಬಾರದು ಅಂತ ಆದೇಶ, ಆದೇಶದಿಂದ ಎಷ್ಟೋ ತೋಪು ಉಳೀತು, ತೋಪಿನಲ್ಲಿ ಚಗಳಿಯೂ ಉಳೀತು. ಯಾರೂ ಇರುವೆಯನ್ನ ಉದ್ದೇಶಿಸಿ ಮಾಡಿದ್ದಲ್ಲ. ಆದರೆ ಈಗ ಇದ್ದ ತೋಪು ಒಂದೊಂದಾಗಿ ಸೈಟಾಗ್ತಿರೋವಾಗ ಏನೇನು ಹೋಗುತ್ತೆ ಅಂತ ಲೆಕ್ಕ ಇಡೋರು ಇದನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

— ಸೈಟು ಮಾಡಿದರೂ ಮರ ನೆಡ್ತಾರಲ್ಲ ಅತ್ತೆ. ರಸ್ತೆಗೆ ಎರಡೂ ಕಡೆ ನೆಟ್ಟಿದ್ದಾರೆ. ಎಣಿಸಿದರೆ ಮೊದಲು ಇದ್ದದ್ದಕ್ಕಿಂತ ಹೆಚ್ಚೇ ಇರಬಹುದು.

— ಎಣಿಕೆಯಲ್ಲಿ ಹೆಚ್ಚಿರಬಹುದು. ಒಂದೊಂದಕ್ಕೂ ಒಂದೊಂದು ಕಬ್ಬಿಣದ ಬೇಲಿ, ನಡುವೆ ಹತ್ತು ಅಡಿ ಖಾಲಿ. ಅಲ್ಲಿ ಚಗಳಿ ಹೇಗೆ ಬಾಳಬೇಕು? ಅದರ ಒಂದು ಸಂಸಾರ ಅಂದರೆ ಎಷ್ಟು ಅಂತ ಅಂದುಕೊಂಡಿದ್ದೀಯ? ಆ ಒಂದು ಗೂಡು?

— ಗೂಡಿಗೊಂದು ರಾಣಿ, ಅಲ್ವ?

— ಇಲ್ಲ. ದೊಡ್ಡ ಸಂಸಾರ ಅಂದರೆ 12 ಮರ, 150 ಗೂಡು, ಐದು ಲಕ್ಷದವರೆಗೆ ಇರುವೆ. ಅಷ್ಟಕ್ಕೂ ಸಾಮಾನ್ಯವಾಗಿ ಒಬ್ಬಳೇ ರಾಣಿ, ಯಾವುದೋ ಒಂದು ಗೂಡಿನ ಒಳಗೆ. ಮೊದಲ ಮಳೆಗಳಾದ ಮೇಲೆ ರೆಕ್ಕೆ ಬಂದ ಎಳೆ ರಾಣಿಯರು ಹಾರಿ ಬರ್ತಾರೆ, ಹಸಿರು ಮೈ. ಕೂಡಿದ ಮೇಲೆ ರೆಕ್ಕೆ ಕಳಚಿ ಒಂದು ಎಲೆಯ ಮರೆಯಲ್ಲಿ ಕೂತು ಮೊಟ್ಟೆ ಇಡ್ತಾರೆ, ಹೆಚ್ಚಿನವರು ಅಲ್ಲೇ ಸಾಯ್ತಾರೆ. ಉಳಿದವಳ ಸಂಸಾರ ಬೆಳೆದಂತೆ ಮೊಟ್ಟೆ, ಮರಿಗಳನ್ನ ಹೊತ್ತು ಗೂಡಿಂದ ಗೂಡಿಗೆ ಹಂಚ್ತವೆ. ಎಲೆ ಒಣಗಿದರೆ ಆ ಗೂಡು ಬಿಟ್ಟು ಹೊಸದು ಕಟ್ತವೆ. ಗೂಡು ಅಂದರೆ ಮನೆಯ ಒಂದು ಕೋಣೆ ಅಷ್ಟೆ, ಮನೆ ಅಂದರೆ ಆ ಅಷ್ಟೂ ಮರಗಳು. ಕೊಂಬೆ ಕಡಿದರೆ ಎರಡು ಕೋಣೆಗಳ ನಡುವಿನ ದಾರಿ ಹೋಗುತ್ತೆ.

— ನೆಲದ ಮೇಲೆ ಇಳಿದು ಹೋಗೋಕೆ ಏನು?

— ಹೋಗ್ತವೆ, ಆದರೆ ನೆಲದ ಮೇಲೆ ಬೇರೆ ಇರುವೆಗಳ ರಾಜ್ಯ. ಜೊತೆಗೆ ಇಲ್ಲಿಯ ಏಪ್ರಿಲ್ ತಿಂಗಳ ಕಾಂಕ್ರೀಟು. ಮೇಲೆ ದಾರಿ ಇದ್ದರೆ ಅವು ಮೇಲೇ ಹೋಗೋದು.

— ಈ ತುದಿ ಕೊಂಬೆಯ ಗೂಡು ನೋಡಿ, ಎಷ್ಟು ಚಿಕ್ಕದು. ಒಳಗೆ ಮರಿ ಇದ್ದ ಹಾಗಿಲ್ಲ. ಬರೀ ದೊಡ್ಡ ಇರುವೆಗಳು.

— ಒಳ್ಳೆಯ ಕಣ್ಣು. ಅದು ಗಡಿ ಠಾಣೆ. ಬರ್ಟ್ ಹೋಲ್ಡಾಬ್ಲರ್ ಅನ್ನೋ ವಿಜ್ಞಾನಿ 1983ರಲ್ಲಿ ಆಸ್ಟ್ರೇಲಿಯಾದ ಚಗಳಿಗಳ ಬಗ್ಗೆ ಬರೆದದ್ದಿದೆ. ಸಂಸಾರದ ಎಲ್ಲೆಯ ಮರಗಳಲ್ಲಿ ಇಂಥ ಗೂಡುಗಳು ಇರ್ತವೆ, ಅವುಗಳಲ್ಲಿ ಇರೋರು ಮುದುಕಿಯರು. ಮರಿ ನೋಡಿಕೊಳ್ಳೋ ವಯಸ್ಸು ದಾಟಿದವರು. ಪಕ್ಕದ ಸಂಸಾರದವರು ನುಗ್ಗಿದರೆ ಮೊದಲು ಎದುರಾಗೋದು ಇವರು. ನಾವು ಯುದ್ಧಕ್ಕೆ ಎಳೆಯರನ್ನ ಕಳಿಸ್ತೀವಿ, ಚಗಳಿ ಅಜ್ಜಿಯರನ್ನ ಕಳಿಸುತ್ತೆ. ನನಗೆ ವಯಸ್ಸಾಗ್ತಾ ಬಂದ ಹಾಗೆ ಈ ಮಾತು ಹೆಚ್ಚು ಹೆಚ್ಚು ಹಿಡಿಸುತ್ತೆ. ಇನ್ನು ಹೆಚ್ಚು ದಿನ ಬಾಳದವಳು ಅಪಾಯದ ಜಾಗದಲ್ಲಿ ನಿಂತರೆ ಸಂಸಾರಕ್ಕೆ ನಷ್ಟ ಕಡಿಮೆ.

— ತಮ್ಮವರು, ಬೇರೆಯವರು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲವೂ ಒಂದೇ ಥರ ಇವೆಯಲ್ಲ.

— ಮೈಯ ವಾಸನೆ. ಜೊತೆಗೆ ತಮ್ಮ ನೆಲದ ಮೇಲೆಲ್ಲ ಹಿಂಭಾಗದಿಂದ ಒಂದೊಂದು ಹನಿ ಹಾಕಿ ಗುರುತು ಮಾಡಿರ್ತವೆ. ಬೇರೆ ಸಂಸಾರದ ಇರುವೆ ಆ ಗುರುತಿನ ಮೇಲೆ ಕಾಲಿಟ್ಟರೆ ಅದರ ನಡಿಗೆಯೇ ಅಳುಕುತ್ತೆ, ಮನೆಯವರು ನಡೆಯೋ ರೀತಿ ಬೇರೆ. ಎರಡು ಸಂಸಾರಗಳ ನಡುವೆ ಎಷ್ಟೋ ಸಲ ಯಾರೂ ಕಾಲಿಡದ ಒಂದು ಪಟ್ಟಿ ಉಳಿದಿರುತ್ತೆ. ಅಲ್ಲಿ ಎರಡು ಕೊಂಬೆ ತಾಗಿತು ಅಂದರೆ ಮಾತ್ರ ದೊಡ್ಡ ಕಾಳಗ, ಸಾವಿರಾರು ಸಾಯ್ತವೆ.

— ನನ್ನ ಕೈಗೆ ಮೊನ್ನೆ ಒಂದು ಕಚ್ಚಿತು, ಕ್ಷಣದಲ್ಲಿ ಹತ್ತಾರು ಬಂದವು. ಒಂದು ಕಚ್ಚಿದ್ದು ಉಳಿದವಕ್ಕೆ ಹೇಗೆ ತಿಳೀತು?

— ಅದೂ ವಾಸನೆಯೇ. ಇದರ ಆಫ್ರಿಕಾದ ತಂಗಿ ಜಾತಿಯಲ್ಲಿ 1975ರಲ್ಲೇ ಬಿಡಿಸಿ ತೋರಿಸಿದ್ದಾರೆ. ಈಗ ಭೂಮಿ ಮೇಲೆ ಉಳಿದಿರೋದು ಎರಡೇ ಜಾತಿ, ಏಷ್ಯಾ ಮತ್ತು ಆಸ್ಟ್ರೇಲಿಯಾದ್ದು ಒಂದು, ಆಫ್ರಿಕಾದ್ದು ಒಂದು. ದವಡೆಯ ಬುಡದ ಗ್ರಂಥಿಯಿಂದ ಒಂದೇ ಹನಿಯಲ್ಲಿ ಹಲವು ವಸ್ತು ಹೊರಗೆ ಬರ್ತವೆ. ಹಗುರಾದದ್ದು ಬೇಗ ದೂರ ಹರಡುತ್ತೆ, ಅದು ತಾಗಿದ ಇರುವೆ ಎಚ್ಚೆತ್ತುಕೊಳ್ಳುತ್ತೆ. ಇನ್ನೊಂದು ಅದನ್ನ ಜಾಗದ ಕಡೆ ಸೆಳೆಯುತ್ತೆ. ಭಾರದವು ಹನಿ ಬಿದ್ದಲ್ಲೇ ನಿಂತಿರ್ತವೆ, ಹತ್ತಿರ ಬಂದದ್ದು ಅದರಿಂದ ಕಚ್ಚೋಕೆ ಶುರು ಮಾಡುತ್ತೆ. ಕೊಂಡಿ ಇಲ್ಲ ಇದಕ್ಕೆ. ಕಚ್ಚಿದ ಗಾಯಕ್ಕೆ ಹೊಟ್ಟೆ ಬಗ್ಗಿಸಿ ಆಮ್ಲ ಚಿಮ್ಮಿಸುತ್ತೆ, ನಿನಗೆ ಉರಿದದ್ದು ಅದು.

— ಆ ಉರಿಯೇ ಈಗ ತಾಪತ್ರಯ ಆಗಿದೆ ಅತ್ತೆ. ಮಕ್ಕಳು ಮರದ ಕೆಳಗೆ ಆಡೋ ಹಾಗಿಲ್ಲ ಅಂತ ಅಸೋಸಿಯೇಷನ್‌ನಲ್ಲಿ ಮಾತು ಬಂದು, ಔಷಧಿ ಹೊಡೆಸೋದು ಅಂತ ತೀರ್ಮಾನ ಆಗಿದೆ. ಮಾಲಿಯೂ ಕೆಂಪಿರುವೆ, ‘ಎರ್ರ ಚೀಮಲು’ ಅಂತ ಕೈ ಒದರಿಕೊಂಡು ಮರ ಹತ್ತೋದನ್ನ ಬಿಟ್ಟ. ನಾನೂ ಒಪ್ಪಿಗೆ ಕೊಟ್ಟೆ, ಮನೆಯಲ್ಲಿ ಸಣ್ಣ ಮಗು ಇದೆ.

— ಮಗುವಿನ ಮಾತು ನ್ಯಾಯ. ಅದನ್ನ ನಾನು ತಳ್ಳಿಹಾಕೋದಿಲ್ಲ. ಆದರೆ ಇರುವೆ ಸತ್ತ ಮರುವರ್ಷ ಈ ಮರಕ್ಕೆ ಏನಾಗುತ್ತೆ ಅಂತ ಆ ಸಭೆಯಲ್ಲಿ ಯಾರಾದರೂ ಕೇಳಿದರಾ? ಮಾವಿನ ಹೂವಿಗೆ ಜಿಗಿಹುಳು ಬರುತ್ತೆ, ಚಿಗುರು ತಿನ್ನೋ ಹುಳು ಬರುತ್ತೆ, ಹಣ್ಣಿಗೆ ನೊಣ ಬರುತ್ತೆ. ಆಗ ಮತ್ತೆ ಹೊಡೆಸ್ತೀರಿ, ಆಮೇಲೆ ಮತ್ತೆ. ಅದೇ ಮರದ ಕೆಳಗೆ ಅದೇ ಮಕ್ಕಳು ಆಡೋದು, ಅದೇ ಹಣ್ಣು ತಿನ್ನೋದು. ಇರುವೆ ಕಚ್ಚಿದ ಉರಿ ಸ್ವಲ್ಪ ಹೊತ್ತಿನದು.

— ಇರುವೆ ಇದ್ದರೆ ಇವೆಲ್ಲ ಬರೋದಿಲ್ವ?

— ಬಹಳ ಕಡಿಮೆ. ಕೀಟ ಹಿಡಿಯೋಕೆ ಇದಕ್ಕಿಂತ ಚೆನ್ನಾದ ಬೇಟೆಗಾರ ಮರದ ಮೇಲೆ ಇಲ್ಲ. ಇದು ಹೊಸ ತಿಳಿವಳಿಕೆಯೂ ಅಲ್ಲ. ದಕ್ಷಿಣ ಚೀನಾದ ಗಿಡಮರಗಳ ಬಗ್ಗೆ ಜಿ ಹಾನ್ ಬರೆದ ಅಂತ ಹೇಳೋ ಪುಸ್ತಕ ಕ್ರಿ.ಶ. 304ರದ್ದು ಅಂತ ಎಣಿಕೆ. ಅದರಲ್ಲೇ ಇದೆ, ಕಿತ್ತಳೆ ಜಾತಿಯ ಹಣ್ಣಿನ ತೋಟದವರು ಪೇಟೆಯಲ್ಲಿ ಇರುವೆ ಗೂಡನ್ನ ಚೀಲದ ಲೆಕ್ಕದಲ್ಲಿ ಕೊಂಡು ತಂದು ಮರಕ್ಕೆ ಕಟ್ತಿದ್ದರು ಅಂತ. ಕೀಟದಿಂದ ಕೀಟ ಹತೋಟಿ ಮಾಡಿದ್ದಕ್ಕೆ ಸಿಗೋ ಅತ್ಯಂತ ಹಳೆಯ ದಾಖಲೆ ಅದೇ. ಈಗಿನ ಕಾಲಕ್ಕೆ ಬಂದರೆ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಪೆಂಗ್ ಮತ್ತು ಕ್ರಿಶ್ಚಿಯನ್ ಅನ್ನೋ ಇಬ್ಬರು ಮಾವು, ಗೇರು ಎರಡರಲ್ಲೂ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಟಗಳಲ್ಲಿ, ಚಗಳಿ ಹೆಚ್ಚಿದ್ದ ಮರಗಳಲ್ಲಿ ನೊಣ ಹಿಡಿದ ಹಣ್ಣು ಕಡಿಮೆ ಅಂತ 2007ರಲ್ಲಿ ಪ್ರಕಟವಾಯ್ತು. ಅಲ್ಲಿ ಇರುವೆ ನೊಣವನ್ನ ಹಿಡಿದು ತಿನ್ನೋದು ಮಾತ್ರ ಅಲ್ಲ, ಅದರ ಓಡಾಟ ಮತ್ತು ಅದು ಹಣ್ಣಿನ ಮೇಲೆ ಬಿಟ್ಟ ಗುರುತಿಗೇ ನೊಣ ಮೊಟ್ಟೆ ಇಡೋಕೆ ಹಿಂಜರಿಯುತ್ತೆ. ನಮ್ಮ ಪುತ್ತೂರಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ ನೋಡು, ಆ ಸೀಮೆಯ ಗೇರಿಗೆ ದೊಡ್ಡ ಶತ್ರು ಚಹಾ ಸೊಳ್ಳೆ ಅನ್ನೋ ತಿಗಣೆ. ಎಳೆ ಚಿಗುರು, ಹೂಗೊಂಚಲಿನ ರಸ ಹೀರಿ ಒಣಗಿಸಿಬಿಡುತ್ತೆ. ಅದರದೇ ಕುಲದ ತಿಗಣೆಯನ್ನ ಆಸ್ಟ್ರೇಲಿಯಾದ ಗೇರು ತೋಟದಲ್ಲಿ ಹತೋಟಿಗೆ ತಂದದ್ದು ಈ ಚಗಳಿ.

— ಇಷ್ಟು ಒಳ್ಳೇದಾದರೆ ರೈತರೆಲ್ಲ ಸಾಕಬೇಕಿತ್ತಲ್ಲ?

— ಅದಕ್ಕೂ ಕಾರಣ ಇದೆ, ಮುಚ್ಚಿಡಬಾರದು. ಕೊಯ್ಲಿಗೆ ಬಂದ ಆಳು ಮರ ಹತ್ತೋದಿಲ್ಲ ಅಂತಾನೆ. ಇನ್ನೊಂದು, ಚಗಳಿಗೆ ಸಿಹಿ ಬೇಕು. ಹಿಟ್ಟು ತಿಗಣೆ, ಶಲ್ಕ ಕೀಟ ಇವು ರಸ ಹೀರಿ ಹಿಂದಿನಿಂದ ಸಿಹಿ ದ್ರವ ಬಿಡ್ತವಲ್ಲ, ಅದಕ್ಕಾಗಿ ಅವನ್ನ ಸಾಕುತ್ತೆ, ಕಾಯುತ್ತೆ. ಕೆಲವು ಕಡೆ ಅವುಗಳ ಮೇಲೇ ಎಲೆ ಹೊಲಿದು ಕೊಟ್ಟಿಗೆ ಮಾಡುತ್ತೆ. ಅಂಥ ಕೊಂಬೆಯಲ್ಲಿ ಎಲೆಗೆ ಕಪ್ಪು ಬೂಷ್ಟು ಹತ್ತೋದುಂಟು. ಆ ಕೊಂಬೆಯ ಮಟ್ಟಿಗೆ ಸೋಪಿನ ನೀರು ಹೊಡೆದರೆ ಸಾಕು. ಕೊಯ್ಯೋರು ಕೈಗೆ ಬೂದಿ ಹಚ್ಚಿಕೊಂಡರೆ ಇರುವೆಗೆ ಹತ್ತೋಕೆ ಹಿಡಿತ ಸಿಗೋದಿಲ್ಲ. ಕೊಯ್ಲನ್ನ ಉದ್ದ ಕೋಲಿನ ಬಲೆಯಿಂದ ಮಾಡಬಹುದು. ನಿಮ್ಮ ಐದು ಮರಕ್ಕೆ ಇದು ದೊಡ್ಡ ಕೆಲಸ ಅಲ್ಲ.

— ಅರೆ, ಇದೊಂದು ನೋಡಿ. ಇದು ಇನ್ನೊಂದು ಇರುವೆಯನ್ನ ಬಾಯಲ್ಲಿ ಹೊತ್ತುಕೊಂಡು ಹೋಗ್ತಿದೆ.

— ತಾಳು... ಅದು ಇರುವೆ ಅಲ್ಲ, ಜೇಡ! ಕಾಲು ಎಣಿಸು, ಎಂಟಿದೆ. ಮುಂದಿನ ಎರಡು ಕಾಲನ್ನ ಮೀಸೆಯ ಹಾಗೆ ಎತ್ತಿ ಆಡಿಸ್ತಿದೆ. ಜಿಗಿಯೋ ಜೇಡಗಳಲ್ಲಿ ಒಂದು ಜಾತಿ ಚಗಳಿಯ ವೇಷ ಹಾಕಿಯೇ ಹುಟ್ಟುತ್ತೆ. ಗಂಡಿನ ದವಡೆ ಮುಂದಕ್ಕೆ ಉದ್ದ ಬೆಳೆದು, ಒಂದು ಇರುವೆ ಇನ್ನೊಂದನ್ನ ಹೊತ್ತ ಹಾಗೇ ಕಾಣುತ್ತೆ. ಚಗಳಿ ಅಂದರೆ ಹಕ್ಕಿಗಳಿಗೂ ಬೇಡ, ಹಾಗಾಗಿ ಚಗಳಿಯ ಹಾಗೆ ಕಂಡರೆ ಬದುಕು ಸುಲಭ. ನಿನ್ನ ಲೇಔಟಿನಲ್ಲಿ ಇದು ಇದೆ ಅಂತ ನಾನು ಎಣಿಸಿಯೇ ಇರಲಿಲ್ಲ. ನಮ್ಮ ಘಟ್ಟದ ಕಡೆ ಒಂದು ಚಿಟ್ಟೆ ಇದೆ, ಅದರ ಮರಿ ಚಗಳಿ ಗೂಡಿನೊಳಗೇ ಬೆಳೆಯುತ್ತೆ, ಚಗಳಿಯ ಮರಿಗಳನ್ನೇ ತಿನ್ನುತ್ತೆ. ಬೆನ್ನು ಎಷ್ಟು ಗಟ್ಟಿ ಅಂದರೆ ಇರುವೆಯ ದವಡೆ ನಾಟೋದಿಲ್ಲ. ಚಿಟ್ಟ‍ೆಯಾಗಿ ಹೊರಬರೋವಾಗ ಮೈತುಂಬ ಸಡಿಲವಾದ ಬಿಳಿ ಪುಡಿ, ಹಿಡಿಯೋಕೆ ಬಂದ ಇರುವೆಯ ಬಾಯಿಗೆಲ್ಲ ಅದೇ ಮೆತ್ತಿಕೊಳ್ಳುತ್ತೆ, ಅಷ್ಟರಲ್ಲಿ ಇದು ಪಾರು. ಚಗಳಿ ಹೋದರೆ ಅದನ್ನ ನಂಬಿ ಬದುಕೋ ಇಂಥವೆಲ್ಲ ಹೋದವು.

— ರಸ್ತೆಯ ಆಚೆ ಇನ್ನೆರಡು ಮಾವಿನ ಮರ ಇವೆ. ಅವುಗಳಲ್ಲೂ ಗೂಡಿದೆ. ಅವು ಇದೇ ಸಂಸಾರವಾ?

— ನೋಡಿದರೆ ಹೇಳೋಕಾಗೋದಿಲ್ಲ, ಆದರೆ ಪರೀಕ್ಷೆ ಸುಲಭ. ಇಲ್ಲಿಯ ಒಂದಷ್ಟು ಇರುವೆಯನ್ನ ಡಬ್ಬಿಯಲ್ಲಿ ಹಿಡಿದು ಆ ಮರದ ಕೊಂಬೆಗೆ ಬಿಡು. ಮೀಸೆ ತಾಗಿಸಿ ಸುಮ್ಮನೆ ಹೋದರೆ ಒಂದೇ ಮನೆಯವರು. ಹಿಡಿದು ನಾಲ್ಕೂ ಕಡೆ ಕಾಲು ಜಗ್ಗೋಕೆ ಶುರು ಮಾಡಿದರೆ ಬೇರೆ. ಡಾರ್ವಿನ್ನಿನವರು ಇದೇ ರೀತಿ ತೋಟದಲ್ಲಿ ಯಾವ ಮರ ಯಾವ ಸಂಸಾರದ್ದು ಅಂತ ನಕ್ಷೆ ಹಾಕ್ತಿದ್ದರು.

— ಒಂದೇ ಆಗಿದ್ದರೆ?

— ಎರಡು ಕಡೆಗೂ ಹಗ್ಗ ಕಟ್ಟು, ಲಾರಿಗೆ ತಾಗದಷ್ಟು ಎತ್ತರದಲ್ಲಿ. ಚೀನಾದ ತೋಟದವರು ಮರದಿಂದ ಮರಕ್ಕೆ ಬಿದಿರಿನ ಸೀಳು ಹಾಕಿ ಸೇತುವೆ ಮಾಡ್ತಿದ್ದರು. ಹಗ್ಗವನ್ನ ಅವು ಬೇಗ ಕಂಡುಕೊಳ್ತವೆ.

— ಬೇರೆ ಆಗಿದ್ದರೆ?

— ಕಟ್ಟಬೇಡ. ಕಟ್ಟಿದರೆ ಕಾದಾಡಿ ಎರಡೂ ಸೊರಗ್ತವೆ, ಮರ ಕಾಯೋರು ಇರೋದಿಲ್ಲ. ಆಗ ರಸ್ತೆಯೇ ಗಡಿ ಆಗಿರಲಿ. ಮಕ್ಕಳ ಜಾರುಬಂಡೆ ಮಾತ್ರ ಈ ಸಾಲಿನ ಕೆಳಗಿಂದ ಆಚೆಗೆ ಸರಿಸಿ, ನೆಲಕ್ಕೆ ತಾಗೋ ರೆಂಬೆಗಳನ್ನ ಸವರಿಸಿ. ಅಷ್ಟು ಮಾಡಿದರೆ ಮಗುವಿನ ತೊಂದರೆ ಬಹುಪಾಲು ತಪ್ಪುತ್ತೆ.

— ಸವರೋಕೆ ಆಳು ನಾಳೆ ಬರ್ತಾನೆ ಅತ್ತೆ. ಆದರೆ ಅವನಿಗೆ ಹೇಳಿರೋದು ಬೇರೆ. ಮೂರನೇ ಮರ ಮತ್ತು ನಾಲ್ಕನೇ ಮರದ ಕೊಂಬೆ ಹೆಣೆದುಕೊಂಡು ಬೀದಿದೀಪಕ್ಕೆ ಅಡ್ಡ ಬಂದಿವೆ, ಎರಡೂ ಕಡೆಯಿಂದ ಕಡಿದು ತೆರವು ಮಾಡು ಅಂತ.

— ಯಾವುದು, ಆ ಮೇಲಿನದಾ? ನೋಡು, ಅದರ ಮೇಲೆ ಎರಡೂ ದಿಕ್ಕಿಗೆ ಸಾಲು ಹೊರಟಿದೆ, ಬಾಯಲ್ಲಿ ಮರಿ ಬೇರೆ ಇದೆ. ಫೋನ್ ಮಾಡು, ಇವತ್ತೇ. ಕೆಳಗಿನ ರೆಂಬೆ ಸವರಲಿ, ಅದನ್ನ ಮುಟ್ಟೋದು ಬೇಡ ಅನ್ನು. ಬೆಳಕು ಬೇಕಾದರೆ ದೀಪದ ಕೈಯನ್ನ ಒಂದು ಮಾರು ಈಚೆಗೆ ತಿರುಗಿಸಲಿ.